ಹೆಸರು ಖಾಲಿ ಇದೆ ಅಂತ ತಗೊಂಡುಬಿಟ್ಟಿರಾ? ಜೋಕೆ!

ಕೈಯಲ್ಲೊಂದು ಕಸುಬಿದೆ. ಸೀರೆಗೆ ಕುಚ್ಚು ಕಟ್ಟುತ್ತೀರೋ, ಕೇಕ್ ಮಾಡುತ್ತೀರೋ, ಡಬ್ಬಿ-ಬಾಟಲಿ ಮಾರುತ್ತೀರೋ, ಅಂತೂ ಮನೆಯಿಂದಲೇ ನಾಲ್ಕು ಕಾಸು ಸಂಪಾದನೆ ಆಗುತ್ತಿದೆ. ಅಷ್ಟರಲ್ಲಿ ತಮ್ಮನೋ ಮಗನೋ ಬಂದು, ‘ಒಂದು ವೆಬ್‌ಸೈಟ್ ಮಾಡಿಸ್ಕೊಂಡ್ಬಿಡಿ, ಆರ್ಡರ್ ತಾನಾಗಿಯೇ ಬರತ್ತೆ’ ಅಂತ ಕಿವಿಗೆ ಹಾಕಿರುತ್ತಾನೆ. ನೀವೂ ಒಂದು ದಿನ ಮಧ್ಯಾಹ್ನ ಊಟ ಮುಗಿಸಿ, ಅಡುಗೆಮನೆ ಒರೆಸಿಟ್ಟು, ಕಂಪ್ಯೂಟರ್ ಮುಂದೆ ಕೂರುತ್ತೀರಿ. ಯಾವ ಹೆಸರು ಇಡೋದು? ಜನಕ್ಕೆ ಗೊತ್ತಿರೋ ಹೆಸರಾದರೆ ಬೇಗ ಸಿಗುತ್ತೆ ಅಲ್ಲವೇ? ನೀವು ಮಾರುವ ಸಾಮಾನಿನ ಕಂಪನಿ ಹೆಸರನ್ನೇ ಟೈಪ್ ಮಾಡಿ, ಪಕ್ಕಕ್ಕೆ ಊರಿನ ಹೆಸರು ಸೇರಿಸಿ ನೋಡುತ್ತೀರಿ. ಆಶ್ಚರ್ಯ! ಹೆಸರು ಖಾಲಿ ಇದೆ! ವರ್ಷಕ್ಕೆ ಎಂಟುನೂರೋ ಸಾವಿರವೋ ಅಷ್ಟೇ. ಕಾರ್ಡ್ ನಂಬರ್ ಹಾಕಿದಿರಿ, ಹೆಸರು ನಿಮ್ಮದಾಯಿತು.

ಇಲ್ಲೇ ಸ್ವಲ್ಪ ನಿಲ್ಲಿ. ನಮ್ಮ ಮನೆಯಲ್ಲೇ ನಡೆದದ್ದನ್ನು ಹೇಳಿಬಿಡುತ್ತೇನೆ.

ನನ್ನ ವಾರಗಿತ್ತಿ ಒಂದು ಹೆಸರಾಂತ ಕಂಪನಿಯ ಪ್ಲಾಸ್ಟಿಕ್ ಡಬ್ಬಿಗಳ ಏಜೆಂಟ್. ಮನೆ ಮನೆಗೆ ಹೋಗಿ, ಹತ್ತು ಜನ ಹೆಂಗಸರನ್ನು ಸೇರಿಸಿ, ಮುಚ್ಚಳ ಒತ್ತಿ ತೋರಿಸಿ, ನೀರು ಚೆಲ್ಲದು ಅಂತ ತಲೆಕೆಳಗೆ ಮಾಡಿ ಮಾರುತ್ತಿದ್ದಳು. ಮಾತು ಬಲ್ಲವಳು, ಚೆನ್ನಾಗಿಯೇ ವ್ಯಾಪಾರ ಆಗುತ್ತಿತ್ತು. ಕಂಪನಿ ಹೆಸರಿನ ಹಿಂದೆ ‘ಬೆಂಗಳೂರು’ ಅಂತ ಸೇರಿಸಿ ಡೊಮೈನ್ ತೆಗೆದುಕೊಂಡಳು. ಅದೇ ವಿಳಾಸ ಹಾಕಿಸಿ ಸಾವಿರ ವಿಸಿಟಿಂಗ್ ಕಾರ್ಡು, ಡಬ್ಬಿಗೆ ಅಂಟಿಸಲು ಸ್ಟಿಕ್ಕರು, ಗೇಟಿಗೊಂದು ಬೋರ್ಡು. ಎಂಟು ತಿಂಗಳಲ್ಲಿ ಫೋನ್ ಕರೆಗಳು ದುಪ್ಪಟ್ಟಾದವು. ಒಂದು ದಿನ ರಿಜಿಸ್ಟರ್ಡ್ ಪೋಸ್ಟ್ ಬಂತು. ‘ಅಕ್ಕಾ, ದೆಹಲಿಯಿಂದ ಯಾವುದೋ ವಕೀಲರ ಕಾಗದ, ಆರು ಪುಟ ಇದೆ, ಓದಿ ಸ್ವಲ್ಪ’ ಅಂತ ಓಡಿ ಬಂದಳು. ಮುಖದಲ್ಲಿ ರಕ್ತ ಇರಲಿಲ್ಲ.

ಕಾಗದದಲ್ಲಿದ್ದದ್ದು ಇಷ್ಟು: ನಮ್ಮ ಟ್ರೇಡ್‌ಮಾರ್ಕನ್ನು ಅನುಮತಿ ಇಲ್ಲದೆ ಬಳಸಿದ್ದೀರಿ. ಏಳು ದಿನದಲ್ಲಿ ಆ ಹೆಸರನ್ನು ನಮಗೆ ವರ್ಗಾಯಿಸಿ, ಮುಂದೆ ಎಂದೂ ಬಳಸುವುದಿಲ್ಲ ಅಂತ ಮುಚ್ಚಳಿಕೆ ಬರೆದುಕೊಡಿ. ಇಲ್ಲವಾದರೆ ಇಪ್ಪತ್ತು ಲಕ್ಷ ರೂಪಾಯಿ ಪರಿಹಾರಕ್ಕೆ ದಾವೆ ಹೂಡುತ್ತೇವೆ.

‘ಖಾಲಿ ಇದೆ ಅಂತ ತೋರಿಸಿತಲ್ಲ ಅಕ್ಕಾ! ದುಡ್ಡು ತಗೊಂಡು ಕೊಟ್ಟಿದ್ದಾರಲ್ಲ! ಹಾಗಾದ್ರೆ ಯಾಕೆ ಕೊಟ್ರು?’ ಅಂತ ಅವಳ ಗೋಳು. ನ್ಯಾಯವಾದ ಪ್ರಶ್ನೆಯೇ. ನಮ್ಮಲ್ಲಿ ಬಹಳ ಜನ ಎಡವುವುದೂ ಇಲ್ಲಿಯೇ. ಡೊಮೈನ್ ಮಾರುವವರು ನೋಡುವುದು ಒಂದೇ: ಇದೇ ಅಕ್ಷರಗಳನ್ನು ಬೇರೆ ಯಾರಾದರೂ ಮೊದಲೇ ತೆಗೆದುಕೊಂಡಿದ್ದಾರಾ ಅಂತ. ಆ ಹೆಸರಿನ ಮೇಲೆ ಯಾರಿಗೆ ಹಕ್ಕಿದೆ ಅನ್ನುವುದು ಅವರಿಗೆ ಬೇಕಿಲ್ಲ. ಮದುವೆ ಕಾರ್ಡ್ ಪ್ರಿಂಟ್ ಮಾಡುವವನು ಹುಡುಗ-ಹುಡುಗಿಯ ಜಾತಕ ನೋಡುತ್ತಾನೆಯೇ? ನೀವು ಬರೆದುಕೊಟ್ಟದ್ದನ್ನು ಅಚ್ಚು ಹಾಕಿ ಕೊಡುತ್ತಾನೆ, ಅಷ್ಟೇ. ನೀವು ಹೆಸರು ಕೊಳ್ಳುವಾಗ ಒಪ್ಪಿಕೊಂಡೆ ಅಂತ ಟಿಕ್ ಮಾಡಿದ ಆ ಉದ್ದನೆಯ ಷರತ್ತುಗಳಲ್ಲಿ, ‘ಇನ್ನೊಬ್ಬರ ಹಕ್ಕಿಗೆ ಧಕ್ಕೆ ತರುವುದಿಲ್ಲ, ತಕರಾರು ಬಂದರೆ ಪಂಚಾಯಿತಿಗೆ ಬದ್ಧ’ ಅಂತ ನೀವೇ ಬರೆದುಕೊಟ್ಟಿರುತ್ತೀರಿ. ಯಾರು ಓದುತ್ತಾರೆ ಹೇಳಿ ಅದನ್ನ!

ಬೆಂಗಳೂರಿನಿಂದ ಸುಪ್ರೀಂ ಕೋರ್ಟಿಗೆ

ಇದು ಇವತ್ತಿನ ಜಗಳವಲ್ಲ. ಇಂಟರ್ನೆಟ್ ನಮ್ಮ ಮನೆಗಳಿಗೆ ಬರುವ ಮೊದಲೇ ಶುರುವಾದದ್ದು. 1999ರಲ್ಲಿ ದೆಹಲಿ ಹೈಕೋರ್ಟ್ ಮುಂದೆ ಯಾಹೂ ಕಂಪನಿ ಬಂತು. ಇಲ್ಲಿಯವರೊಬ್ಬರು ‘ಯಾಹೂಇಂಡಿಯಾ ಡಾಟ್ ಕಾಮ್’ ಅಂತ ತೆಗೆದುಕೊಂಡು ಅದೇ ಥರದ ಸೇವೆ ಶುರು ಮಾಡಿದ್ದರು. ಯಾಹೂ ಅನ್ನೋದು ಡಿಕ್ಷನರಿಯಲ್ಲಿರುವ ಪದ, ಅದೂ ಅಲ್ಲದೆ ನಮಗೂ ಆ ಕಂಪನಿಗೂ ಸಂಬಂಧವಿಲ್ಲ ಅಂತ ಸೂಚನೆ ಹಾಕಿದ್ದೇವೆ ಅಂತ ವಾದಿಸಿದರು. ಕೋರ್ಟ್ ಒಪ್ಪಲಿಲ್ಲ. ಬಳಸುವವರು ಗೊಂದಲಕ್ಕೆ ಬೀಳುತ್ತಾರೆ, ಸೂಚನೆ ಹಾಕಿದ ಮಾತ್ರಕ್ಕೆ ಆಗುವುದಿಲ್ಲ ಅಂತ ಆ ಹೆಸರು ಬಳಸದಂತೆ ತಡೆಯಿತು. ಅದೇ ವರ್ಷ ಬಾಂಬೆ ಹೈಕೋರ್ಟಿನಲ್ಲಿ ರೆಡಿಫ್ ಕಂಪನಿ ಗೆದ್ದಿತು. ಎದುರಿನವರು ಒಂದೇ ಒಂದು ಅಕ್ಷರ ಬದಲಿಸಿ ‘ರ‍್ಯಾಡಿಫ್’ ಅಂತ ಇಟ್ಟುಕೊಂಡಿದ್ದರು. ಸ್ಪೆಲಿಂಗ್ ಬದಲಾಯಿಸಿದರೆ ತಪ್ಪಿಸಿಕೊಳ್ಳಬಹುದು ಅಂತ ಅಂದುಕೊಂಡವರಿಗೆ ಇದೊಂದು ಸಾಕು.

ನನಗೆ ಬಹಳ ಸ್ವಾರಸ್ಯ ಅನ್ನಿಸಿದ್ದು ನಮ್ಮೂರಿನದೇ ಕೇಸು. ಸತ್ಯಂ ಇನ್ಫೋವೇ ಕಂಪನಿ ತನ್ನ ಹೆಸರಿನಿಂದಲೇ ಅಕ್ಷರ ಆರಿಸಿ ‘ಸಿಫಿ’ ಅಂತ ಹೊಸ ಪದ ಕಟ್ಟಿ, 1999ರಲ್ಲಿ ಹಲವು ಡೊಮೈನ್ ತೆಗೆದುಕೊಂಡಿತ್ತು. 2001ರಲ್ಲಿ ಇನ್ನೊಂದು ಕಂಪನಿ ‘ಸಿಫ್ಫಿನೆಟ್’ ಅಂತ ಬಂತು. ಬೆಂಗಳೂರಿನ ಸಿಟಿ ಸಿವಿಲ್ ಕೋರ್ಟ್ ತಡೆಯಾಜ್ಞೆ ಕೊಟ್ಟಿತು, ಹೈಕೋರ್ಟ್ ಅದನ್ನು ತೆಗೆದುಹಾಕಿತು, ಕೊನೆಗೆ 2004ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಸತ್ಯಂ ಇನ್ಫೋವೇ ಕಡೆಗೇ ತೀರ್ಪು ಕೊಟ್ಟಿತು. ಈ ಹೆಸರು ಹೇಗೆ ಹೊಳೆಯಿತು ಅಂತ ಕೇಳಿದ್ದಕ್ಕೆ ಎದುರು ಕಂಪನಿಯವರು ಕೊಟ್ಟ ಉತ್ತರ ಕೇಳಿ: ನಮ್ಮ ಐದು ಜನ ಪ್ರವರ್ತಕರ ಹೆಸರಿನ ಮೊದಲಕ್ಷರ ಜೋಡಿಸಿದೆವು, ಅದೇ ‘ಸಿಫ್ಫಿ’ ಆಯಿತು! ಸುಪ್ರೀಂ ಕೋರ್ಟ್ ಇದನ್ನು ನಂಬಲಿಲ್ಲ. ಡೊಮೈನ್ ಹೆಸರು ಬರೀ ವಿಳಾಸವಲ್ಲ, ಅದು ವ್ಯಾಪಾರದ ಗುರುತೂ ಹೌದು, ಅದಕ್ಕೂ ಟ್ರೇಡ್‌ಮಾರ್ಕಿನಂಥ ರಕ್ಷಣೆ ಇದೆ ಅಂತ ಈ ದೇಶದಲ್ಲಿ ಗಟ್ಟಿಯಾದದ್ದು ಈ ತೀರ್ಪಿನಿಂದ.

‘ನಾನು ಮಾರೋದು ಬೇರೆ, ಅವರು ಮಾಡೋದು ಬೇರೆ, ಆಗಲೂ ತಪ್ಪಾ?’ ಅಂತ ನೀವು ಕೇಳಬಹುದು. ಸಾಧಾರಣ ಹೆಸರಾದರೆ ಅಷ್ಟು ಭಯವಿಲ್ಲ. ಆದರೆ ಎಲ್ಲರಿಗೂ ಗೊತ್ತಿರುವ ದೊಡ್ಡ ಹೆಸರಾದರೆ ಕತೆಯೇ ಬೇರೆ. 2003ರ ಸೆಪ್ಟೆಂಬರಿನಿಂದ ಜಾರಿಗೆ ಬಂದ ನಮ್ಮ 1999ರ ಟ್ರೇಡ್‌ಮಾರ್ಕ್ ಕಾಯ್ದೆಯ 29ನೇ ಕಲಮು, ಹೆಸರುವಾಸಿ ಗುರುತನ್ನು ಸಂಬಂಧವೇ ಇಲ್ಲದ ಸಾಮಾನಿಗೆ ಬಳಸಿ ಅದರ ಕೀರ್ತಿಯ ಲಾಭ ಪಡೆಯುವುದನ್ನೂ ಉಲ್ಲಂಘನೆ ಅನ್ನುತ್ತದೆ. ಕಾರ್ ಕಂಪನಿಯ ಹೆಸರಿನಲ್ಲಿ ನೀವು ಚಕ್ಕುಲಿ ಮಾರಿದರೂ ಅವರು ಬಂದು ಬಾಗಿಲು ತಟ್ಟಬಹುದು. ಇನ್ನೊಂದು ಸಂಗತಿ ನನಗೂ ಗೊತ್ತಿರಲಿಲ್ಲ. ಅದೇ ಕಾಯ್ದೆಯ 134ನೇ ಕಲಮಿನ ಪ್ರಕಾರ, ನೋಂದಾಯಿತ ಟ್ರೇಡ್‌ಮಾರ್ಕ್ ಇರುವ ಕಂಪನಿ ಎಷ್ಟೋ ಸಲ ತನ್ನ ಊರಿನಲ್ಲೇ ದಾವೆ ಹೂಡಬಹುದು. ಅಂದರೆ ಮಲ್ಲೇಶ್ವರದಲ್ಲಿ ಕೂತ ನೀವು ದೆಹಲಿಯ ಕೋರ್ಟಿಗೆ ವಕೀಲರನ್ನು ಹುಡುಕಬೇಕಾದೀತು. ರೈಲಿನ ಖರ್ಚಿಗೇ ನಿಮ್ಮ ವರ್ಷದ ಲಾಭ ಹೋಯಿತು ಅಂತ ತಿಳಿಯಿರಿ.

ನನ್ನದೇ ಹೆಸರಾದರೆ?

ಸ್ವಂತ ಹೆಸರನ್ನು ಪ್ರಾಮಾಣಿಕವಾಗಿ ಬಳಸುವವರಿಗೆ ಕಾನೂನು ರಕ್ಷಣೆ ಕೊಡುತ್ತದೆ, ನಿಜ. ಪೈ, ಕಾಮತ್, ಶೆಣೈ ಅಂತ ಕುಲನಾಮ ಇರುವವರು ಅದನ್ನು ಬದಲಾಯಿಸಿಕೊಳ್ಳಲು ಆಗುತ್ತದೆಯೇ? ಆದರೂ ರಕ್ಷಣೆ ಇದೆ ಅನ್ನುವುದು ಬೇರೆ, ನೆಮ್ಮದಿ ಇರುತ್ತದೆ ಅನ್ನುವುದು ಬೇರೆ. ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ಉಝಿ ನಿಸ್ಸಾನ್ ಅಂತ ಒಬ್ಬರಿದ್ದರು. ಕಂಪ್ಯೂಟರ್ ವ್ಯಾಪಾರಿ, ಹುಟ್ಟಿನಿಂದ ಬಂದ ಮನೆತನದ ಹೆಸರೇ ನಿಸ್ಸಾನ್. 1994ರಲ್ಲೇ ‘ನಿಸ್ಸಾನ್ ಡಾಟ್ ಕಾಮ್’ ತೆಗೆದುಕೊಂಡಿದ್ದರು. 1999ರಲ್ಲಿ ಕಾರ್ ಕಂಪನಿ ಒಂದು ಕೋಟಿ ಡಾಲರ್ ಪರಿಹಾರ ಕೇಳಿ ಕೋರ್ಟಿಗೆ ಎಳೆಯಿತು. ವರ್ಷಗಟ್ಟಲೆ ನಡೆದ ಕೇಸಿನಲ್ಲಿ ಹೆಸರೇನೋ ಅವರ ಬಳಿಯೇ ಉಳಿಯಿತು, ಆದರೆ ಸುಮಾರು 30 ಲಕ್ಷ ಡಾಲರ್ ಕೈಬಿಟ್ಟಿತು. 2020ರಲ್ಲಿ ಅವರು ತೀರಿಕೊಂಡರು. ಗೆದ್ದರು ಅನ್ನಬೇಕೋ ಸೋತರು ಅನ್ನಬೇಕೋ ನನಗಂತೂ ತಿಳಿಯದು.

ಇದಕ್ಕೆ ಪೂರ್ತಿ ಉಲ್ಟಾ, ತಮಾಷೆಯ ಕೇಸೂ ಒಂದಿದೆ. ಕೆನಡಾದ 17 ವರ್ಷದ ಹುಡುಗ ಮೈಕ್ ರೋ 2003ರಲ್ಲಿ ತನ್ನ ಹೆಸರಿನ ಹಿಂದೆ ‘ಸಾಫ್ಟ್’ ಸೇರಿಸಿ ‘ಮೈಕ್‌ರೋಸಾಫ್ಟ್’ ಅಂತ ಡೊಮೈನ್ ಮಾಡಿಕೊಂಡ. ಜೋರಾಗಿ ಓದಿ ನೋಡಿ, ಗೊತ್ತಾಗುತ್ತದೆ! ಮೈಕ್ರೋಸಾಫ್ಟ್ ಕಂಪನಿ ಅವನ ಖರ್ಚು ಹತ್ತು ಡಾಲರ್ ಕೊಡುತ್ತೇವೆ, ಬಿಡು ಅಂದಿತು. ಹುಡುಗನಿಗೆ ಸಿಟ್ಟು ಬಂದು ಹತ್ತು ಸಾವಿರ ಡಾಲರ್ ಕೇಳಿದ. ಕಂಪನಿ ಅದನ್ನೇ ಹಿಡಿದುಕೊಂಡಿತು: ನೋಡಿ, ಇವನ ಉದ್ದೇಶವೇ ದುಡ್ಡು ಮಾಡುವುದು ಅಂತ. ಪುಣ್ಯಕ್ಕೆ ಪೇಪರಿನವರೆಲ್ಲ ಹುಡುಗನ ಪರ ನಿಂತಿದ್ದರಿಂದ 2004ರ ಜನವರಿಯಲ್ಲಿ ರಾಜಿಯಾಗಿ, ಒಂದು ಎಕ್ಸ್‌ಬಾಕ್ಸ್ ಆಟದ ಪೆಟ್ಟಿಗೆ, ತರಬೇತಿ ಇತ್ಯಾದಿ ಸಿಕ್ಕಿತು. ನಮಗೂ ಪೇಪರಿನವರು ಬರುತ್ತಾರೆ ಅಂತ ಕಾಯಬೇಡಿ.

ಈ ಹುಡುಗನಿಂದ ಕಲಿಯಬೇಕಾದ ಪಾಠ ಒಂದೇ, ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಳ್ಳಿ: ಬೆಲೆ ಹೇಳಬೇಡಿ. ಡೊಮೈನ್ ತಕರಾರು ತೀರಿಸಲು ಜಗತ್ತಿಗೆಲ್ಲ ಅನ್ವಯಿಸುವ ಒಂದು ನೀತಿ 1999ರಲ್ಲೇ ಬಂದಿದೆ. ಕಂಪನಿ ಮೂರು ವಿಷಯ ತೋರಿಸಬೇಕು: ಹೆಸರು ತಮ್ಮ ಗುರುತನ್ನು ಹೋಲುತ್ತದೆ, ನಿಮಗೆ ಅದರಲ್ಲಿ ನ್ಯಾಯವಾದ ಹಕ್ಕಿಲ್ಲ, ಮತ್ತು ನೀವು ಕೆಟ್ಟ ಉದ್ದೇಶದಿಂದ ಅದನ್ನು ತೆಗೆದುಕೊಂಡು ಬಳಸುತ್ತಿದ್ದೀರಿ. ಖರ್ಚಿಗಿಂತ ಹೆಚ್ಚಿನ ದುಡ್ಡಿಗೆ ಕಂಪನಿಗೇ ಮಾರಲು ಹೊರಟರೆ ಆ ಕೆಟ್ಟ ಉದ್ದೇಶಕ್ಕೆ ನೀವೇ ಸಾಕ್ಷಿ ಬರೆದುಕೊಟ್ಟ ಹಾಗೆ. ಈ ನೀತಿಯಡಿ 2000ದ ಜನವರಿಯಲ್ಲಿ ಬಂದ ಮೊಟ್ಟಮೊದಲ ತೀರ್ಪೇ ಅಂಥದ್ದು. ಕುಸ್ತಿ ಸಂಸ್ಥೆಯೊಂದರ ಹೆಸರನ್ನು ನೂರು ಡಾಲರಿಗೆ ತೆಗೆದುಕೊಂಡವರು ಮೂರೇ ದಿನದಲ್ಲಿ ಆ ಸಂಸ್ಥೆಗೇ ಸಾವಿರ ಡಾಲರಿಗೆ ಮಾರಲು ಹೋಗಿದ್ದರು. ಹೆಸರು ಹೋಯಿತು. ಡಾಟ್ ಇನ್ ಹೆಸರುಗಳಿಗೆ ನಮ್ಮ ದೇಶದ್ದೇ ಬೇರೆ ನೀತಿ 2005ರಿಂದ ಇದೆ. ಅದು ಇನ್ನೂ ಬಿಗಿ. ಅಲ್ಲಿ ತೆಗೆದುಕೊಂಡದ್ದಾಗಲೀ ಬಳಸಿದ್ದಾಗಲೀ, ಎರಡರಲ್ಲಿ ಒಂದು ಕೆಟ್ಟ ಉದ್ದೇಶದ್ದಾದರೂ ಸಾಕು.

ಹತ್ತಿರದ ಉದಾಹರಣೆ ಬೇಕಾದರೆ, 2024ರ ಅಕ್ಟೋಬರಿನಲ್ಲಿ ಪೇಪರಿನಲ್ಲೆಲ್ಲ ಬಂದ ‘ಜಿಯೋಹಾಟ್‌ಸ್ಟಾರ್’ ಪ್ರಕರಣ ನಿಮಗೆ ನೆನಪಿರಬಹುದು. ಎರಡು ಕಂಪನಿ ಒಂದಾಗಬಹುದು ಅಂತ ಮೊದಲೇ ಊಹಿಸಿ ದೆಹಲಿಯ ಹುಡುಗನೊಬ್ಬ ಆ ಹೆಸರು ತೆಗೆದಿಟ್ಟಿದ್ದ. ಕೇಂಬ್ರಿಡ್ಜಿನಲ್ಲಿ ಓದಲು ಫೀಸು ಕೊಡಿ ಅಂತ ಬಹಿರಂಗವಾಗಿ ಕೇಳಿದ, ಅದು ಹತ್ತಿರ ಹತ್ತಿರ ಒಂದು ಕೋಟಿ. ಕಂಪನಿ ಕಾನೂನು ಕ್ರಮದ ಮಾತಾಡಿತು. ಆಮೇಲೆ ಹೆಸರು ದುಬೈಯಲ್ಲಿರುವ ಅಣ್ಣ-ತಂಗಿ ಇಬ್ಬರು ಮಕ್ಕಳ ಕೈಗೆ ಹೋಗಿ, ಅವರು ಪುಕ್ಕಟೆಯಾಗಿಯೇ ಕೊಡುತ್ತೇವೆ ಅಂದರು. ಹುಡುಗನ ಓದಿನ ಆಸೆ ನೋಡಿ ನನಗೆ ಅಯ್ಯೋ ಅನ್ನಿಸಿದ್ದು ನಿಜ. ಆದರೆ ದಾರಿ ಅದಲ್ಲ.

ಅವರದೇ ಸಾಮಾನು ಮಾರಿದರೂ?

ನನ್ನ ವಾರಗಿತ್ತಿಯ ಅಳಲು ಇದೇ ಆಗಿತ್ತು. ‘ನಾನು ಅವರದೇ ಡಬ್ಬಿ ಮಾರ್ತಾ ಇದೀನಿ. ಅವರಿಗೇ ಲಾಭ ತಾನೇ?’ ಇದಕ್ಕೂ ಉತ್ತರ ಇದೆ, ಮತ್ತು ಅದು ಪೂರ್ತಿ ನಿರಾಶೆಯದ್ದಲ್ಲ. 2001ರಲ್ಲಿ ಓಕಿ ಡೇಟಾ ಅನ್ನುವ ಪ್ರಿಂಟರ್ ಕಂಪನಿ ತನ್ನ ಬಿಡಿಭಾಗ ಮಾರುವವರ ಮೇಲೆ ದೂರು ಕೊಟ್ಟಿತ್ತು. ಅವರ ವಿಳಾಸದಲ್ಲಿ ಕಂಪನಿ ಹೆಸರಿನ ಹಿಂದೆ ‘ಪಾರ್ಟ್ಸ್’ ಅಂತಿತ್ತು. ಪಂಚರು ಮಾರುವವರ ಪರ ತೀರ್ಪು ಕೊಟ್ಟರು, ಆದರೆ ಕೆಲವು ಷರತ್ತು ಹೇಳಿದರು. ನಿಜವಾಗಿಯೂ ಆ ಸಾಮಾನು ಮಾರುತ್ತಿರಬೇಕು, ಅಲ್ಲಿ ಆ ಕಂಪನಿಯ ಸಾಮಾನು ಮಾತ್ರ ಇರಬೇಕು, ಕಂಪನಿಗೂ ನಿಮಗೂ ಏನು ಸಂಬಂಧ ಅಂತ ಸ್ಪಷ್ಟವಾಗಿ ಬರೆದಿರಬೇಕು, ಆ ಹೆಸರಿನ ಎಲ್ಲ ರೂಪಗಳನ್ನೂ ನೀವೇ ಬಾಚಿಕೊಂಡಿರಬಾರದು.

ಅಮೆರಿಕದಲ್ಲಿ ಒಂದು ದಂಪತಿ ಲೆಕ್ಸಸ್ ಕಾರಿನ ಹೆಸರಿದ್ದ ಎರಡು ಡೊಮೈನ್ ಇಟ್ಟುಕೊಂಡು ಕಾರು ಕೊಡಿಸುವ ದಲ್ಲಾಳಿ ಕೆಲಸ ಮಾಡುತ್ತಿದ್ದರು. ಟೊಯೊಟಾ ಕಂಪನಿ ಕೇಸು ಹಾಕಿತು. ಗಂಡ-ಹೆಂಡತಿ ವಕೀಲರಿಲ್ಲದೆ ತಾವೇ ವಾದಿಸಿ, ಮೇಲ್ಮನವಿಯಲ್ಲಿ ಗೆಲುವು ಕಂಡರು. ಲೆಕ್ಸಸ್ ಮಾರುವವರು ಲೆಕ್ಸಸ್ ಅನ್ನದೆ ಇನ್ನೇನು ಅನ್ನಬೇಕು ಅನ್ನುವ ಅರ್ಥದ ತೀರ್ಪು 2010ರಲ್ಲಿ ಬಂತು. ಓದಿ ನನಗೆ ಭಾರೀ ಖುಷಿಯಾಯಿತು. ಆದರೆ ಅವರು ಕಂಪನಿ ಆಕ್ಷೇಪಿಸಿದ ಕೂಡಲೇ ಲಾಂಛನ, ಫೋಟೋ ಎಲ್ಲ ತೆಗೆದುಹಾಕಿ, ನಾವು ಕಂಪನಿಯವರಲ್ಲ ಅಂತ ದೊಡ್ಡದಾಗಿ ಬರೆದಿದ್ದರು. ಅದೂ ಅಲ್ಲದೆ ಅದು ಅಲ್ಲಿಯ ಕೋರ್ಟು.

ನನ್ನ ವಾರಗಿತ್ತಿಯ ವೆಬ್‌ಸೈಟನ್ನು ಈ ಷರತ್ತುಗಳ ಪಕ್ಕ ಇಟ್ಟು ನೋಡಿದೆವು. ಕಂಪನಿಯ ಡಬ್ಬಿಗಳ ಕೆಳಗೇ ಬೇರೆ ಕಂಪನಿಯ ನೀರಿನ ಬಾಟಲಿ, ಅದರ ಕೆಳಗೆ ಅವಳದೇ ಕೈಯ ಸಾಂಬಾರ್ ಪುಡಿ! ನಾನು ಏಜೆಂಟ್ ಅಂತ ಎಲ್ಲೂ ಬರೆದಿಲ್ಲ. ಮೇಲ್ಗಡೆ ಕಂಪನಿಯ ಲಾಂಛನ ಅಷ್ಟು ದೊಡ್ಡದು. ಇನ್ನೂ ಕೆಟ್ಟದ್ದೆಂದರೆ, ಏಜೆಂಟ್ ಆಗುವಾಗ ಸಹಿ ಹಾಕಿದ ಕಾಗದದಲ್ಲೇ ವೆಬ್‌ಸೈಟಿಗೆ ಕಂಪನಿ ಹೆಸರು ಬಳಸಕೂಡದು ಅಂತ ಸಣ್ಣಕ್ಷರದಲ್ಲಿತ್ತು. ಬೀರುವಿನಿಂದ ಆ ಕಾಗದ ತೆಗೆದು ಓದಿದ್ದೇ ಅವತ್ತು ಮೊದಲ ಸಲ.

ಕಂಪನಿಗಳು ಇಷ್ಟು ಕಟುವಾಗಿ ಯಾಕೆ ಇರುತ್ತವೆ ಅಂತ ಮೊದಲು ನನಗೂ ಸಿಟ್ಟಿತ್ತು. 2020ರ ಅಮುಲ್ ಪ್ರಕರಣ ಓದಿದ ಮೇಲೆ ಸ್ವಲ್ಪ ತಣ್ಣಗಾಯಿತು. ಅಮುಲ್ ಹೆಸರು ಸೇರಿಸಿ ಡೊಮೈನ್ ಮಾಡಿಕೊಂಡು, ಏಜೆನ್ಸಿ ಕೊಡಿಸುತ್ತೇವೆ ಅಂತ ಜನರಿಂದ ದುಡ್ಡು ಕಿತ್ತ ಮೋಸಗಾರರ ವಿರುದ್ಧ ಸಂಸ್ಥೆ ದೆಹಲಿ ಹೈಕೋರ್ಟಿಗೆ ಹೋಗಬೇಕಾಯಿತು. ದೆಹಲಿಯಲ್ಲಿ ಕೂತ ವಕೀಲರಿಗೆ ಆ ಮೋಸಗಾರರ ವಿಳಾಸವೂ ನನ್ನ ವಾರಗಿತ್ತಿಯ ವಿಳಾಸವೂ ಒಂದೇ ಥರ ಕಾಣುತ್ತದೆ. ಅವಳು ಸಾಂಬಾರ್ ಪುಡಿ ಮಾಡುವ ಸಾಧು ಹೆಂಗಸು ಅಂತ ಅವರಿಗೇನು ಗೊತ್ತು?

ನೋಟಿಸ್ ಬಂದೇಬಿಟ್ಟರೆ

ಮೊದಲು, ಅದನ್ನು ದೇವರ ಫೋಟೋ ಹಿಂದೆ ಸಿಕ್ಕಿಸಿ ಮರೆಯಬೇಡಿ. ಯಜಮಾನರು ಬೈಯುತ್ತಾರೆ ಅಂತ ಮುಚ್ಚಿಡಲೂ ಬೇಡಿ. ಸಿಟ್ಟಿನಲ್ಲಿ ಅವತ್ತೇ ಉತ್ತರ ಬರೆಯಬೇಡಿ, ದುಡ್ಡಿನ ಮಾತಂತೂ ಬೇಡವೇ ಬೇಡ. ವೆಬ್‌ಸೈಟ್ ಈಗ ಹೇಗಿದೆಯೋ ಹಾಗೇ ಒಂದು ಪ್ರಿಂಟ್ ತೆಗೆದಿಡಿ, ಹೆಸರು ತೆಗೆದುಕೊಂಡ ರಸೀದಿ ಹುಡುಕಿಡಿ, ಆಮೇಲೆ ಒಬ್ಬ ವಕೀಲರನ್ನು ಕಾಣಿ. ಟ್ರೇಡ್‌ಮಾರ್ಕ್ ವಿಷಯ ಬಲ್ಲವರೇ ಆದರೆ ಒಳ್ಳೆಯದು, ಆಸ್ತಿ ವ್ಯಾಜ್ಯದ ವಕೀಲರು ಇದಕ್ಕೆ ಅಷ್ಟು ಒದಗಲಿಕ್ಕಿಲ್ಲ. ಬಂದಿರುವುದು ವಕೀಲರ ನೋಟಿಸೋ, ಕೋರ್ಟಿನದೋ, ಡೊಮೈನ್ ನೀತಿಯಡಿಯ ದೂರೋ ಅನ್ನುವುದು ಗೊತ್ತಾಗಬೇಕು. ಡಾಟ್ ಕಾಮ್ ಹೆಸರಿನ ಮೇಲೆ ಆ ನೀತಿಯಡಿ ದೂರು ಬಂದರೆ ಉತ್ತರಿಸಲು 20 ದಿನ ಮಾತ್ರ. ಅಲ್ಲಿ ಸೋತರೂ ಹೆಸರು ಹೋಗುತ್ತದೆ ಅಷ್ಟೇ, ದಂಡ ಕಟ್ಟುವಂತಿಲ್ಲ. ಪರಿಹಾರ, ಖರ್ಚು ಅಂತ ದುಡ್ಡು ಕಟ್ಟಿಸುವ ಅಧಿಕಾರ ಕೋರ್ಟಿಗಿದೆ. ಅದಕ್ಕೇ ಅಲ್ಲಿಯವರೆಗೆ ಹೋಗಗೊಡದಿರುವುದು ಜಾಣತನ. ನೋಟಿಸಿನಲ್ಲಿ ಬರೆದ ಲಕ್ಷಗಳನ್ನು ನೋಡಿ ಎದೆ ಒಡೆದುಕೊಳ್ಳಬೇಡಿ. ಹೆದರಿಸಲಿಕ್ಕೇ ಬರೆದಿರುತ್ತಾರೆ. ಹೆಸರು ಬಿಟ್ಟುಕೊಟ್ಟರೆ ಬಹಳಷ್ಟು ಕಂಪನಿಗಳು ಅಲ್ಲಿಗೆ ಬಿಡುತ್ತವೆ. ಅಚ್ಚು ಹಾಕಿಸಿದ ಕಾರ್ಡು, ಸ್ಟಿಕ್ಕರು ಖಾಲಿ ಮಾಡಲು, ಗಿರಾಕಿಗಳಿಗೆ ಹೊಸ ವಿಳಾಸ ತಿಳಿಸಲು ಒಂದೆರಡು ತಿಂಗಳು ಸಮಯ ಕೇಳಿ. ಕೇಳಿದರೆ ತಪ್ಪೇನಿಲ್ಲ.

ಹೊಸದಾಗಿ ಹೆಸರಿಡುವವರಾದರೆ ಕೆಲಸ ಸುಲಭ. ಟ್ರೇಡ್‌ಮಾರ್ಕ್ ಇಲಾಖೆಯ ವೆಬ್‌ಸೈಟಿನಲ್ಲಿ ಯಾವ ಹೆಸರು ಯಾರದು ಅಂತ ಪುಕ್ಕಟೆ ಹುಡುಕಬಹುದು. ಅರ್ಧ ಗಂಟೆಯ ಕೆಲಸ, ಒಂದು ಸೀರಿಯಲ್ ತಪ್ಪಿಸಿಕೊಂಡರೆ ಆಯಿತು. ಉಚ್ಚಾರಣೆ ಹೋಲುವ ಹೆಸರುಗಳನ್ನೂ ನೋಡಿ. 2018ರಲ್ಲಿ ದೆಹಲಿಯ ‘ಸರ್ದಾರ್‌ಬಕ್ಷ್’ ಕಾಫಿ ಅಂಗಡಿಯವರು ಸ್ಟಾರ್‌ಬಕ್ಸ್ ತಕರಾರಿನಿಂದ ‘ಸರ್ದಾರ್‌ಜಿ-ಬಕ್ಷ್’ ಅಂತ ಬೋರ್ಡು ಬದಲಿಸಬೇಕಾಯಿತು. ಅದೇ ಮಾತು ಫೇಸ್‌ಬುಕ್ ಪೇಜಿಗೂ, ಇನ್‌ಸ್ಟಾಗ್ರಾಂ ಹೆಸರಿಗೂ. ಕಂಪನಿಯ ಹೆಸರನ್ನು ಪುಟದ ಒಳಗೆ ‘ಇಂಥ ಕಂಪನಿಯ ಡಬ್ಬಿಗಳು ನಮ್ಮಲ್ಲಿ ಸಿಗುತ್ತವೆ’ ಅಂತ ಬರೆಯಲು ಸಾಮಾನ್ಯವಾಗಿ ಯಾರೂ ಅಡ್ಡಿ ಮಾಡುವುದಿಲ್ಲ. ತಂಟೆ ಬರುವುದು ಅದು ನಿಮ್ಮ ಬಾಗಿಲ ಮೇಲಿನ ಹೆಸರಾದಾಗ. ನಿಮ್ಮದೇ ಹೆಸರೊಂದು ಹೊಳೆದರೆ ಅದನ್ನೂ ಟ್ರೇಡ್‌ಮಾರ್ಕ್ ಮಾಡಿಸಬಹುದು. ವ್ಯಕ್ತಿಗಳಿಗೆ ಆನ್‌ಲೈನ್ ಅರ್ಜಿಗೆ ಒಂದು ವರ್ಗದ ಸಾಮಾನಿಗೆ 4,500 ರೂಪಾಯಿ ಶುಲ್ಕ. ಕರ್ನಾಟಕದವರು ಚೆನ್ನೈ ಕಚೇರಿಯ ವ್ಯಾಪ್ತಿಗೆ ಬರುತ್ತೇವೆ, ಆದರೆ ಅಲ್ಲಿಗೆ ಹೋಗಬೇಕಿಲ್ಲ. ಸಿಕ್ಕರೆ ಹತ್ತು ವರ್ಷ ನಿಮ್ಮದು, ಮತ್ತೆ ಮುಂದುವರಿಸಬಹುದು.

ನನ್ನ ವಾರಗಿತ್ತಿ ಮುಚ್ಚಳಿಕೆ ಬರೆದುಕೊಟ್ಟು ಹೆಸರು ಬಿಟ್ಟಳು. ಕಂಪನಿ ಆರು ವಾರ ಸಮಯ ಕೊಟ್ಟಿತು. ಎರಡು ತಿಂಗಳು ಆರ್ಡರ್ ಬಿದ್ದುಹೋಗಿ, ಇದೆಲ್ಲ ಯಾಕೆ ಬೇಕಿತ್ತು ಅಂತ ನಮ್ಮ ಮೈದುನನ ಹತ್ತಿರ ಬೈಸಿಕೊಂಡಳು. ಆಮೇಲೆ ಹಳೇ ಗಿರಾಕಿಗಳಿಗೆಲ್ಲ ಒಬ್ಬೊಬ್ಬರಿಗೇ ಫೋನ್ ಮಾಡಿದಳು. ಈಗ ಅವಳ ವೆಬ್‌ಸೈಟಿಗೆ ಅವಳ ಅಜ್ಜಿಯ ಹೆಸರು. ಡಬ್ಬಿಗಿಂತ ಸಾಂಬಾರ್ ಪುಡಿಯೇ ಹೆಚ್ಚು ಹೋಗುತ್ತಿದೆ, ಆ ಹೆಸರಿಗೆ ಟ್ರೇಡ್‌ಮಾರ್ಕ್ ಅರ್ಜಿಯನ್ನೂ ಹಾಕಿದ್ದಾಳೆ. ಹಳೆಯ ವಿಸಿಟಿಂಗ್ ಕಾರ್ಡುಗಳು ಇನ್ನೂ ಏಳುನೂರರ ಮೇಲೆ ಉಳಿದಿವೆ. ಹಿಂಬದಿ ಬೆಳ್ಳಗಿದೆಯಲ್ಲ, ನಮ್ಮ ಅತ್ತೆ ಅದರ ಮೇಲೆ ಹಾಲಿನ ಲೆಕ್ಕ ಬರೆಯುತ್ತಿದ್ದಾರೆ.